ಮಂಗಳೂರಿನಲ್ಲಿ ಕಾರು ಬಾಡಿಗೆಗೆ ಪಡೆದು ಘಟ್ಟ ಹತ್ತುವ ಮುನ್ನ

ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಕರಾವಳಿ ಪ್ರವಾಸದ ಕುರಿತು ಪ್ರಶ್ನೆಗಳನ್ನು ಕಳುಹಿಸುವಂತೆ ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇದ್ದವು: ರೈಲಿನಲ್ಲೋ ವಿಮಾನದಲ್ಲೋ ಮಂಗಳೂರಿಗೆ ಬಂದಿಳಿದು, ಅಲ್ಲಿಯೇ ಕಾರು ಬಾಡಿಗೆಗೆ ಪಡೆದು, ತಾವೇ ಓಡಿಸಿಕೊಂಡು ಕರಾವಳಿ ಮತ್ತು ಮಲೆನಾಡನ್ನು ಸುತ್ತಿ ಬರುವುದು ಹೇಗೆ? ಮಂಗಳೂರಿನಲ್ಲಿ ಬೆಳೆದು, ಇಲ್ಲಿನ ಘಾಟಿಗಳನ್ನು ಮೊದಲು ಬಸ್ಸಿನ ಕಿಟಕಿಯಿಂದಲೂ ಆಮೇಲೆ ಸ್ಟೀರಿಂಗ್ ಹಿಡಿದೂ ಕಂಡವನಾದ್ದರಿಂದ ಈ ಪ್ರಶ್ನೆಗಳಿಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಏಳಕ್ಕೆ ಇಳಿಸಿದ್ದೇನೆ.

ಪ್ರಶ್ನೆ: ನಾವು ದಸರಾ ರಜೆಯಲ್ಲಿ ರೈಲಿನಲ್ಲಿ ಮಂಗಳೂರಿಗೆ ಬಂದು, ಬಾಡಿಗೆ ಕಾರಿನಲ್ಲಿ ನಾಲ್ಕು ದಿನಗಳಲ್ಲಿ ಧರ್ಮಸ್ಥಳ, ಹೊರನಾಡು, ಶೃಂಗೇರಿ, ಆಗುಂಬೆ, ಉಡುಪಿ, ಕೊಲ್ಲೂರು, ಮುರುಡೇಶ್ವರ, ಜೋಗ, ಗೋಕರ್ಣಗಳನ್ನು ನೋಡಿ ಮಂಗಳೂರಿನಲ್ಲೇ ಕಾರನ್ನು ಒಪ್ಪಿಸಬೇಕೆಂದುಕೊಂಡಿದ್ದೇವೆ. ಎಪ್ಪತ್ತು ದಾಟಿದ ಅಪ್ಪ ಅಮ್ಮ, ನಾವು ಗಂಡ ಹೆಂಡತಿ, ಇಬ್ಬರು ಮಕ್ಕಳು ಇದ್ದೇವೆ. ಮೊಬೈಲ್ ನಕ್ಷೆಯಲ್ಲಿ ಎಲ್ಲವೂ ಹತ್ತಿರ ಹತ್ತಿರವೇ ಕಾಣುತ್ತವೆ. ಬಯಲುಸೀಮೆಯಲ್ಲಿ ಹನ್ನೆರಡು ವರ್ಷ ಕಾರು ಓಡಿಸಿದ್ದೇನೆ, ಘಾಟಿ ಮಾತ್ರ ಹೊಸದು. ಈ ಯೋಜನೆ ಸರಿಯಾಗಿದೆಯೇ?
— ಓದುಗರು, ವಿಜಯಪುರ

ಉತ್ತರ: ನಿಮ್ಮ ಪಟ್ಟಿಯಲ್ಲಿರುವ ಒಂಬತ್ತು ಸ್ಥಳಗಳೂ ನೋಡತಕ್ಕವೇ. ಆದರೆ ನಾಲ್ಕು ದಿನಗಳಲ್ಲಿ ಅವನ್ನೆಲ್ಲ ಮುಗಿಸಲು ಹೊರಟರೆ ನೀವು ನೋಡುವುದು ರಸ್ತೆಯನ್ನು ಮಾತ್ರ, ನಿಮ್ಮ ತಂದೆತಾಯಿ ನೋಡುವುದು ಮುಂದಿನ ಸೀಟಿನ ಬೆನ್ನನ್ನು ಮಾತ್ರ. ನಿಮಗೆ ಪರಿಚಯವಿರುವ ದೂರದಿಂದಲೇ ಹೇಳುತ್ತೇನೆ. ವಿಜಯಪುರದಿಂದ ಸೊಲ್ಲಾಪುರಕ್ಕೆ ಎಷ್ಟು ದೂರವೋ ಮಂಗಳೂರಿನಿಂದ ಶೃಂಗೇರಿಗೂ ಹೆಚ್ಚುಕಡಿಮೆ ಅಷ್ಟೇ ದೂರ, ಎಂದರೆ ನೂರು ಕಿ.ಮೀ.ಗಿಂತ ತುಸು ಹೆಚ್ಚು. ಅಲ್ಲಿ ನೀವು ಒಂದೂವರೆ ಗಂಟೆಯಲ್ಲಿ ತಲುಪುತ್ತೀರಿ. ಇಲ್ಲಿ ವಯಸ್ಸಾದವರನ್ನೂ ಮಕ್ಕಳನ್ನೂ ಕೂರಿಸಿಕೊಂಡು, ಘಾಟಿಯ ತಿರುವುಗಳನ್ನು ಮೊದಲ ಬಾರಿಗೆ ಹತ್ತುತ್ತಾ ಸಾಗುವಾಗ ಮೂರೂವರೆಯಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಆದ್ದರಿಂದ ಇಲ್ಲಿನ ಪ್ರಯಾಣವನ್ನು ಕಿಲೋಮೀಟರುಗಳಲ್ಲಿ ಲೆಕ್ಕ ಹಾಕಬಾರದು. ದಿನಕ್ಕೆ ಒಂದು ಘಾಟಿ, ಅದೂ ಹಗಲಿನಲ್ಲಿ ಎಂದು ಲೆಕ್ಕ ಹಾಕಬೇಕು. ನಿಮ್ಮ ಯೋಜನೆಯನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಿದರೆ ಧರ್ಮಸ್ಥಳದಿಂದ ಹೊರನಾಡಿಗೆ ಚಾರ್ಮಾಡಿ ಘಾಟಿ, ಆಗುಂಬೆಯಿಂದ ಉಡುಪಿಗೆ ಇಳಿಯುವ ಘಾಟಿ, ಹೊನ್ನಾವರದಿಂದ ಜೋಗಕ್ಕೆ ಗೇರುಸೊಪ್ಪೆಯ ಘಾಟಿ ಮತ್ತು ಅದರ ಮರುದಾರಿ ಸೇರಿ ನಾಲ್ಕು ಘಾಟಿಗಳಾಗುತ್ತವೆ. ನೋಡುವುದಕ್ಕೆ ಒಂದು ದಿನವೂ ಉಳಿಯುವುದಿಲ್ಲ.

ನಿಮ್ಮ ಸ್ಥಾನದಲ್ಲಿ ನಾನಿದ್ದರೆ ಹೀಗೆ ಹೋಗುತ್ತಿದ್ದೆ. ಮೊದಲ ದಿನ ಬೆಳಿಗ್ಗೆ ಮಂಗಳೂರಿನಿಂದ ಗುರುಪುರ, ಕೈಕಂಬದ ಮೇಲೆ ಮೂಡುಬಿದಿರೆ. ಅಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಿದೆ. ಒಂದು ಕಂಬದಂತೆ ಇನ್ನೊಂದಿಲ್ಲ ಎಂದು ಊರಿನವರು ಹೇಳುವುದನ್ನು ಮಕ್ಕಳಿಗೆ ಹೇಳಿ ಬಿಡಿ, ಅವರು ಹೋಲಿಸಿ ನೋಡುವುದರಲ್ಲೇ ಒಂದು ಗಂಟೆ ಕಳೆಯುತ್ತಾರೆ. ಮುಂದೆ ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಾಪಿಸಿದ 42 ಅಡಿಯ ಗೊಮ್ಮಟನಿದ್ದಾನೆ. ಮೂರ್ತಿ ಬಂಡೆಗುಡ್ಡದ ಮೇಲಿರುವುದರಿಂದ ಬಿಸಿಲೇರುವ ಮುಂಚೆ ಹೋಗುವುದು ಒಳ್ಳೆಯದು. ಕಾರ್ಕಳದಲ್ಲಿ ಊಟ ಮುಗಿಸಿ, ಅಲ್ಲಿಯೇ ಪೆಟ್ರೋಲ್ ತುಂಬಿಸಿಕೊಂಡು, ಬಜಗೋಳಿ ದಾಟಿ ಮಾಳ ಘಾಟಿ ಹತ್ತಿ. ಇಲ್ಲಿಂದ ಮುಂದಿನ ದಾರಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಸಾಗುತ್ತದೆ. ಅರಣ್ಯ ಇಲಾಖೆಯ ತಪಾಸಣಾ ಠಾಣೆಗಳಿವೆ. ನಡುದಾರಿಯಲ್ಲಿ ಕಾರು ನಿಲ್ಲಿಸಿ ತಿಂಡಿ ತಿನ್ನುವುದು, ಮಂಗಗಳಿಗೆ ಆಹಾರ ಎಸೆಯುವುದು, ಪ್ಲಾಸ್ಟಿಕ್ ಬಿಸಾಡುವುದು ತಪ್ಪು. ಸಂಜೆಯಾದ ಮೇಲೆ ಈ ದಾರಿಗೆ ಇಳಿಯಲೇಬೇಡಿ. ಕೆರೆಕಟ್ಟೆಯ ಆಸುಪಾಸಿನಲ್ಲಿ ಮೊಬೈಲ್ ಸಂಪರ್ಕ ಕೈಕೊಡುವುದರಿಂದ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಿ. ರಾತ್ರಿ ಶೃಂಗೇರಿಯಲ್ಲಿ ತಂಗಿ.

ಎರಡನೆಯ ದಿನ ಬೆಳಿಗ್ಗೆ ಶಾರದಾಂಬೆಯ ದರ್ಶನ, ವಿದ್ಯಾಶಂಕರ ದೇವಾಲಯ, ತುಂಗೆಯ ದಡದಲ್ಲಿ ಮೀನುಗಳು. ಮಧ್ಯಾಹ್ನ ಮೂವತ್ತು ಕಿ.ಮೀ.ಯೊಳಗಿನ ಆಗುಂಬೆಗೆ ಹೊರಡಿ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಆಗುಂಬೆಗೆ ಬಂದವರೆಲ್ಲರಿಗೂ ಸೂರ್ಯಾಸ್ತ ನೋಡುವ ಆಸೆ. ಸೂರ್ಯ ಮುಳುಗಿದ ಮೇಲೆ ಉಡುಪಿಯ ಕೋಣೆಗೆ ತಲುಪುವ ಆತುರದಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಕತ್ತಲಲ್ಲಿ ಇಳಿಯುತ್ತಾರೆ. ಘಾಟಿ ಹೊಸದಾದ ಚಾಲಕ ಮಾಡಬಾರದ ಕೆಲಸ ಇದೊಂದೇ ಎಂದರೂ ತಪ್ಪಿಲ್ಲ. ಸೂರ್ಯಾಸ್ತ ಬೇಕೇ ಬೇಕಾದರೆ ಆ ರಾತ್ರಿ ಆಗುಂಬೆಯ ಹೋಮ್‌ಸ್ಟೇಯಲ್ಲಿ ಉಳಿದು ಬೆಳಿಗ್ಗೆ ಇಳಿಯಿರಿ. ಇಲ್ಲವೆಂದರೆ ಮಧ್ಯಾಹ್ನವೇ ಇಳಿದು ಸೋಮೇಶ್ವರ, ಹೆಬ್ರಿಯ ಮೇಲೆ ಉಡುಪಿ ಸೇರಿ, ಅದೇ ಸೂರ್ಯನನ್ನು ಮಲ್ಪೆಯ ಕಡಲಿನಲ್ಲಿ ನೋಡಿ. ಅಕ್ಟೋಬರಿನಲ್ಲಿ ಆಗುಂಬೆಯ ಆಕಾಶ ಮೋಡವಿಲ್ಲದೆ ಸಿಗುವುದು ಅದೃಷ್ಟದ ಮಾತಾದ್ದರಿಂದ ನಾನಂತೂ ಮಲ್ಪೆಯನ್ನೇ ಆರಿಸುತ್ತೇನೆ. ನಾನು ಚಿಕ್ಕವನಿದ್ದಾಗ ಈ ಘಾಟಿಯಲ್ಲಿ ಮಿನಿ ಬಸ್ಸುಗಳಷ್ಟೇ ಓಡುತ್ತಿದ್ದವು. ಪ್ರತಿ ತಿರುವಿನಲ್ಲೂ ಬಸ್ಸು ಒಮ್ಮೆ ನಿಂತು, ಉಸಿರು ತೆಗೆದುಕೊಂಡು ತಿರುಗಿದಂತೆ ಅನಿಸುತ್ತಿತ್ತು. ದಿನವೂ ಆ ದಾರಿಯಲ್ಲಿ ಓಡಾಡುವ ಆ ಚಾಲಕರು ತೋರುತ್ತಿದ್ದ ತಾಳ್ಮೆಯನ್ನು ಹೊಸಬರಾದ ನಾವು ಇನ್ನೂ ಹೆಚ್ಚಾಗಿ ತೋರಬೇಕಲ್ಲವೇ?

ಮೂರನೆಯ ದಿನ ಬೆಳಿಗ್ಗೆ ಉಡುಪಿಯ ಕೃಷ್ಣ ಮಠ ಮುಗಿಸಿ ಕುಂದಾಪುರ, ಹೆಮ್ಮಾಡಿಯ ಮೇಲೆ ಕೊಲ್ಲೂರು; ಅಲ್ಲಿಂದ ಬೈಂದೂರಿಗೆ ಇಳಿದು ಭಟ್ಕಳ ದಾಟಿ ಮುರುಡೇಶ್ವರದಲ್ಲಿ ರಾತ್ರಿ. 123 ಅಡಿಯ ಶಿವನ ಮೂರ್ತಿ ಸಂಜೆಯ ಬೆಳಕಿನಲ್ಲೂ ಮುಂಜಾನೆಯ ಬೆಳಕಿನಲ್ಲೂ ಬೇರೆ ಬೇರೆಯಾಗಿ ಕಾಣುತ್ತದೆಯಾದ್ದರಿಂದ ಅಲ್ಲಿ ಒಂದು ರಾತ್ರಿ ಉಳಿಯುವುದು ಸಾರ್ಥಕ. ನಾಲ್ಕನೆಯ ದಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 160 ಕಿ.ಮೀ. ನೇರ ದಾರಿ. ನಡುವೆ ಮರವಂತೆಯಲ್ಲಿ, ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇರುವಲ್ಲಿ, ಕಾರನ್ನು ರಸ್ತೆಯಿಂದ ಪೂರ್ತಿಯಾಗಿ ಕೆಳಗಿಳಿಸಿ ನಿಲ್ಲಿಸಿ, ಎಳನೀರು ಕುಡಿದು ಹೊರಡಿ. ಈ ಹೆದ್ದಾರಿ ಅಗಲವಾಗಿದೆ ಎಂದು ಮೈಮರೆಯಬೇಡಿ; ಊರುಗಳ ಹತ್ತಿರ ಎದುರು ದಿಕ್ಕಿನಲ್ಲಿ ಬರುವ ಸ್ಕೂಟರುಗಳು, ಥಟ್ಟನೆ ಯೂ-ಟರ್ನ್ ತೆಗೆದುಕೊಳ್ಳುವ ಆಟೋಗಳು ಘಾಟಿಯ ತಿರುವಿಗಿಂತ ಹೆಚ್ಚು ಎಚ್ಚರವನ್ನು ಬೇಡುತ್ತವೆ.

ಜೋಗ, ಗೋಕರ್ಣ, ಹೊರನಾಡು, ಧರ್ಮಸ್ಥಳಗಳನ್ನು ಬಿಟ್ಟಿದ್ದೇನೆ. ಇನ್ನೊಂದು ದಿನ ದೊರೆತರೆ ಮುರುಡೇಶ್ವರದಿಂದ ಹೊನ್ನಾವರ, ಗೇರುಸೊಪ್ಪೆಯ ಮೇಲೆ ಜೋಗಕ್ಕೆ ಹೋಗಿ, ಸಾಗರದಲ್ಲಿ ತಂಗಿ, ಮರುದಿನ ಸಿಗಂದೂರಿನ ದಾರಿಯಲ್ಲಿ ಕೊಲ್ಲೂರಿಗೆ ಇಳಿಯಬಹುದು. ಶರಾವತಿ ಹಿನ್ನೀರನ್ನು ಲಾಂಚಿನಲ್ಲಿ ದಾಟಬೇಕಾಗಿದ್ದ ಕಡೆ 2025ರ ಜುಲೈಯಲ್ಲಿ ಸೇತುವೆ ತೆರೆದಿರುವುದರಿಂದ ಈ ಸುತ್ತು ಈಗ ಸುಲಭವಾಗಿದೆ. ಹಾಗೆ ಮಾಡುವುದಾದರೆ ಮೂರನೆಯ ದಿನ ಕೊಲ್ಲೂರನ್ನು ಬಿಟ್ಟು ಉಡುಪಿಯಿಂದ ನೇರ ಮುರುಡೇಶ್ವರಕ್ಕೆ ಹೋಗಿ.

ದಸರಾ ರಜೆ ಎಂದಿದ್ದೀರಿ. ನವರಾತ್ರಿಯಲ್ಲಿ ಶೃಂಗೇರಿ ಮತ್ತು ಕೊಲ್ಲೂರು ಎರಡೂ ಕಡೆ ಜನಸಾಗರ. ವಿಜಯದಶಮಿಯಂದು ಕೊಲ್ಲೂರಿನಲ್ಲಿ ಮಕ್ಕಳಿಗೆ ವಿದ್ಯಾರಂಭ ಮಾಡಿಸಲು ಕೇರಳದಿಂದಲೂ ಕುಟುಂಬಗಳು ಬರುತ್ತವೆ. ಆ ಒಂದು ದಿನ ಅಲ್ಲಿಗೆ ಹೋಗುವುದನ್ನು ತಪ್ಪಿಸಿ. ಮಂಗಳೂರಿನಲ್ಲಿ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ದಸರಾ ಮೆರವಣಿಗೆಯ ಸಂಜೆ ನಗರದ ರಸ್ತೆಗಳು ತುಂಬಿರುವುದರಿಂದ ಅಂದೇ ಕಾರು ಒಪ್ಪಿಸುವ ಸಮಯವನ್ನು ಗೊತ್ತುಮಾಡಿಕೊಳ್ಳಬೇಡಿ.

ಕಾರಿನ ಆಯ್ಕೆಯ ಬಗ್ಗೆಯೂ ಎರಡು ಮಾತು. ಆರು ಜನರಿಗೆ ಏಳು ಆಸನದ ಕಾರು ಸಾಕೆಂದು ತೋರುತ್ತದೆ; ಆದರೆ ಮೂರನೆಯ ಸಾಲನ್ನು ಬಿಡಿಸಿದರೆ ಡಿಕ್ಕಿಯಲ್ಲಿ ಎರಡು ಚೀಲಕ್ಕೂ ಜಾಗವಿರುವುದಿಲ್ಲ. ಸಿ.ಎನ್.ಜಿ. ಕಾರಾದರೆ ಸಿಲಿಂಡರ್ ಇನ್ನಷ್ಟು ಜಾಗ ನುಂಗುತ್ತದೆ. ಮೇಲ್ಗಡೆ ಕ್ಯಾರಿಯರ್ ಇರುವ ಕಾರನ್ನು ಕೇಳಿ, ಅಥವಾ ಚೀಲಗಳನ್ನು ಕಡಿಮೆ ಮಾಡಿ. ವಾಂತಿಯಾಗುವ ಮಕ್ಕಳನ್ನು ಮೂರನೆಯ ಸಾಲಿನಲ್ಲಿ ಕೂರಿಸಬೇಡಿ. ಇನ್ನು ಇಳಿಯುವಾಗ ಬ್ರೇಕನ್ನು ಒತ್ತಿಹಿಡಿದೇ ಇಳಿಯಬಾರದು. ಎರಡನೆಯ ಗೇರಿನಲ್ಲಿ, ಕಡಿದಾದ ಕಡೆ ಮೊದಲ ಗೇರಿನಲ್ಲಿ, ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುವಂತೆ ಇಳಿಯಬೇಕು. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಬ್ರೇಕು ತಣಿಯಲು ಬಿಡಿ, ನೀರು ಹಾಕಬೇಡಿ. ರಸ್ತೆ ಕಿರಿದಾದಲ್ಲಿ ಹತ್ತಿ ಬರುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕೆಂಬುದು ನಿಯಮವೂ ಹೌದು, ಘಟ್ಟದ ಮರ್ಯಾದೆಯೂ ಹೌದು.

ಪ್ರಶ್ನೆ: ಮಂಗಳೂರಿನಲ್ಲಿ ಪರಿಚಯದವರೊಬ್ಬರ ಮೂಲಕ ಬಿಳಿ ಬೋರ್ಡಿನ ಕಾರೊಂದು ಸಂಸ್ಥೆಗಳ ದರಕ್ಕಿಂತ ಬಹಳ ಅಗ್ಗವಾಗಿ ಬಾಡಿಗೆಗೆ ಸಿಗುತ್ತಿದೆ. ಯಾರಾದರೂ ಕೇಳಿದರೆ ಸಂಬಂಧಿಕರ ಕಾರು ಎಂದರಾಯಿತು ಎನ್ನುತ್ತಾರೆ. ತೆಗೆದುಕೊಳ್ಳಬಹುದೇ?
— ಓದುಗರು, ದಾವಣಗೆರೆ

ಉತ್ತರ: ತೆಗೆದುಕೊಳ್ಳಬೇಡಿ. ಉಳಿದ ಪ್ರಶ್ನೆಗಳಿಗೆ ಅದೂ ಇದೂ ಎಂದು ಎರಡು ದಾರಿ ತೋರಿಸುತ್ತೇನೆ, ಇದಕ್ಕೆ ಮಾತ್ರ ಒಂದೇ ಉತ್ತರ.

ನಮ್ಮಲ್ಲಿ ವಾಹನದ ನಂಬರ್ ಪ್ಲೇಟೇ ಅದರ ಬಳಕೆ ಏನೆಂದು ಹೇಳುತ್ತದೆ. ಬಿಳಿ ಫಲಕದ ಮೇಲೆ ಕಪ್ಪು ಅಕ್ಷರಗಳಿದ್ದರೆ ಅದು ಮಾಲೀಕನ ಸ್ವಂತ ಬಳಕೆಯ ಕಾರು. ಹಳದಿಯ ಮೇಲೆ ಕಪ್ಪು ಅಕ್ಷರಗಳಿದ್ದರೆ ಚಾಲಕನ ಸಮೇತ ಬಾಡಿಗೆಗೆ ಬರುವ ಟ್ಯಾಕ್ಸಿ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿದ್ದರೆ ಮಾತ್ರ ಅದು ಗಿರಾಕಿಯೇ ಓಡಿಸಲು ಬಾಡಿಗೆಗೆ ಕೊಡುವ ಕಾರು. ಈ ವ್ಯವಹಾರಕ್ಕೆ 1989ರಿಂದಲೂ ಕೇಂದ್ರ ಸರ್ಕಾರದ ಪ್ರತ್ಯೇಕ ಯೋಜನೆಯಿದ್ದು, ಅದರಡಿ ಪರವಾನಗಿ ಪಡೆದವರಷ್ಟೇ ಹೀಗೆ ಕಾರು ಕೊಡಬಹುದು.

ಇದು ಬಣ್ಣದ ಮಾತಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಸ್ವಂತ ಬಳಕೆಗೆಂದು ವಿಮೆ ಮಾಡಿಸಿದ ಕಾರನ್ನು ಬಾಡಿಗೆಗೆ ಓಡಿಸಿದರೆ ಪಾಲಿಸಿಯ ಷರತ್ತು ಮುರಿದಂತೆ. ಅಪಘಾತವಾದಾಗ ಕಾರಿಗಾದ ಹಾನಿಯನ್ನು ವಿಮಾ ಕಂಪನಿ ಭರಿಸಲು ನಿರಾಕರಿಸಬಹುದು. ಆಗ ಮಾಲೀಕ ನಿಮ್ಮ ಕಡೆಗೆ ಕೈ ತೋರಿಸುತ್ತಾನೆ. ನಿಮ್ಮ ಕೈಯಲ್ಲಿ ಕರಾರುಪತ್ರವಿಲ್ಲ, ರಸೀದಿಯಿಲ್ಲ, ಆತ ‘ಸಂಬಂಧಿಕ’ ಬೇರೆ. ಯಾರಿಗಾದರೂ ಗಾಯವಾದ ಸಂದರ್ಭವನ್ನು ಊಹಿಸಿಕೊಂಡರೆ ದಿನಕ್ಕೆ ಉಳಿಯುವ ಕೆಲವು ನೂರು ರೂಪಾಯಿಗಳಿಗೆ ಬೆಲೆಯೇ ಇಲ್ಲ. ಪೊಲೀಸರ ಮುಂದೆ ಸುಳ್ಳು ಹೇಳುವ ಸಿದ್ಧತೆಯಿಂದ ಆರಂಭವಾಗುವ ಪ್ರವಾಸದಲ್ಲಿ ಮನಸ್ಸಿಗೆ ನೆಮ್ಮದಿಯೂ ಇರುವುದಿಲ್ಲ.

ಕಪ್ಪು ಫಲಕದ ಕಾರನ್ನು ತೆಗೆದುಕೊಳ್ಳುವಾಗಲೂ ಕಾಗದಪತ್ರಗಳನ್ನು ನೋಡಿಯೇ ಹೊರಡಿ. ಆರ್.ಸಿ., ವಿಮೆ, ಪರ್ಮಿಟ್, ಫಿಟ್‌ನೆಸ್ ಪ್ರಮಾಣಪತ್ರ ಮತ್ತು ಹೊಗೆ ತಪಾಸಣೆಯ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು. ಇವುಗಳ ಪ್ರತಿಗಳನ್ನು ಕೇಳಿ ಪಡೆಯಿರಿ. ನಿಮ್ಮ ಲೈಸೆನ್ಸನ್ನು ಡಿಜಿಲಾಕರ್‌ನಲ್ಲಿ ತೋರಿಸಿದರೆ ದಾರಿಯಲ್ಲಿ ನಡೆಯುತ್ತದೆ. ಕರಾರಿನಲ್ಲಿ ನಾಲ್ಕು ಸಂಗತಿಗಳನ್ನು ಓದದೆ ಸಹಿ ಮಾಡಬೇಡಿ: ದಿನಕ್ಕೆ ಎಷ್ಟು ಕಿ.ಮೀ. ಎಂಬ ಮಿತಿ ಮತ್ತು ಮೀರಿದರೆ ದರ. ಕಾರಿಗೆ ಹಾನಿಯಾದರೆ ವಿಮೆಯ ಹೊರತಾಗಿ ನೀವು ಗರಿಷ್ಠ ಎಷ್ಟು ಭರಿಸಬೇಕು. ಇಂಧನವನ್ನು ಯಾವ ಮಟ್ಟದಲ್ಲಿ ಹಿಂದಿರುಗಿಸಬೇಕು. ನಡುದಾರಿಯಲ್ಲಿ ಕೆಟ್ಟರೆ ಯಾರು ಬರುತ್ತಾರೆ. ಕೊನೆಯದನ್ನು ಬಾಯಿಮಾತಿನಲ್ಲಿ ಬಿಡದೆ, ‘ಶೃಂಗೇರಿಯಲ್ಲಿ ಕೆಟ್ಟರೂ ಬರುತ್ತೀರಾ?’ ಎಂದು ಊರಿನ ಹೆಸರು ಹೇಳಿಯೇ ಕೇಳಿ. ಸ್ಟೆಪ್ನಿ, ಜಾಕಿ, ಪಾನಾ ಡಿಕ್ಕಿಯಲ್ಲಿವೆಯೇ ಎಂದು ತೆಗೆದು ನೋಡಿ. ರೈಲ್ವೆ ನಿಲ್ದಾಣಕ್ಕೇ ಕಾರು ತಂದುಕೊಡುವ ಏರ್ಪಾಡಿದ್ದರೆ ಮಂಗಳೂರು ಸೆಂಟ್ರಲ್ ಯಾವುದು, ಜಂಕ್ಷನ್ ಯಾವುದು ಎಂಬುದನ್ನು ಇಬ್ಬರೂ ಖಚಿತಪಡಿಸಿಕೊಳ್ಳಿ. ಎರಡೂ ಬೇರೆ ಬೇರೆ ಕಡೆ ಇವೆ, ಈ ಗೊಂದಲದಲ್ಲಿ ಮೊದಲ ಬೆಳಗು ಕಳೆದುಕೊಂಡವರು ಇದ್ದಾರೆ.

ಪ್ರಶ್ನೆ: ನಾನು 2003ರಲ್ಲಿ ಮಂಗಳೂರಿನಲ್ಲಿ ಲೈಸೆನ್ಸ್ ಪಡೆದು ಮರುವರ್ಷ ದುಬೈಗೆ ಬಂದವಳು. ಈಗ ಅಲ್ಲಿನ ಲೈಸೆನ್ಸ್ ಇದೆ. ರಜೆಗೆ ಬಂದಾಗ ಬಾಡಿಗೆ ಕಾರು ಓಡಿಸಬಹುದೇ?
— ಓದುಗರು, ದುಬೈ

ಉತ್ತರ: ಮೊದಲು ನಿಮ್ಮ ಹಳೆಯ ಲೈಸೆನ್ಸಿನ ಮೇಲಿರುವ ಕೊನೆಯ ದಿನಾಂಕವನ್ನು ನೋಡಿ. ಆಗಿನ ನಿಯಮದಂತೆ ಲೈಸೆನ್ಸಿನ ಅವಧಿ 20 ವರ್ಷ ಅಥವಾ 50ನೇ ವಯಸ್ಸಿನವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಇರುತ್ತಿತ್ತು. ಹಾಗಾಗಿ ನಿಮ್ಮದು 2023ರ ಹೊತ್ತಿಗೆ ಮುಗಿದಿರುವ ಸಾಧ್ಯತೆಯೇ ಹೆಚ್ಚು. ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಚಾಲನಾ ಪರೀಕ್ಷೆಯನ್ನು ಮತ್ತೆ ಕೊಡಬೇಕಾಗುತ್ತದೆ. ನವೀಕರಣದ ಅರ್ಜಿಯನ್ನು ಸಾರಿಗೆ ಇಲಾಖೆಯ ಸಾರಥಿ ಪೋರ್ಟಲ್‌ನಲ್ಲಿ ಊರಿಗೆ ಬರುವ ಮುಂಚೆಯೇ ಹಾಕಿಕೊಂಡು, ರಜೆಯ ಮೊದಲ ವಾರವನ್ನು ಆ ಕೆಲಸಕ್ಕೆ ಮೀಸಲಿಡಿ. 40 ವರ್ಷ ದಾಟಿದವರು ವೈದ್ಯಕೀಯ ಪ್ರಮಾಣಪತ್ರವನ್ನೂ ಕೊಡಬೇಕು. ದುಬೈ ಲೈಸೆನ್ಸನ್ನು ನಂಬಿಕೊಂಡು ಬರಬೇಡಿ. ಈ ರಜೆಯಲ್ಲಿ ನವೀಕರಣವಾಗದಿದ್ದರೆ ಮನೆಯಲ್ಲಿ ಚಾಲ್ತಿ ಲೈಸೆನ್ಸ್ ಇರುವವರ ಹೆಸರಿನಲ್ಲಿ ಕಾರು ಪಡೆದು ಅವರೇ ಓಡಿಸಲಿ. ಕರಾರಿನಲ್ಲಿ ಹೆಸರಿಲ್ಲದವರು ಐದು ನಿಮಿಷಕ್ಕಾದರೂ ಸ್ಟೀರಿಂಗ್ ಹಿಡಿಯಬಾರದು.

ಪ್ರಶ್ನೆ: ನಾವಿಬ್ಬರೇ, ನಿವೃತ್ತ ಶಿಕ್ಷಕ ದಂಪತಿ. ಯಜಮಾನರಿಗೆ ಕಾರು ಓಡಿಸಲು ಬರುತ್ತದೆ, ಆದರೆ ಸಂಜೆಯ ಬೆಳಕಿನಲ್ಲಿ ಕಣ್ಣು ಮಂಜಾಗುತ್ತದೆ. ಸ್ವತಃ ಓಡಿಸುವುದೋ, ಚಾಲಕನಿರುವ ಕಾರು ಪಡೆಯುವುದೋ?
— ಓದುಗರು, ಧಾರವಾಡ

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರವಿದೆ; ಚಾಲಕನಿರುವ ಹಳದಿ ಬೋರ್ಡಿನ ಕಾರನ್ನೇ ಪಡೆಯಿರಿ. ಇದರ ಲೆಕ್ಕ ಬೇರೆ. ಓಡಿದ ಕಿ.ಮೀ.ಗೆ ಇಷ್ಟೆಂದು ದರವಿದ್ದರೂ ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ. ಎಂದು ಹಿಡಿಯುತ್ತಾರೆ, ಕಡಿಮೆ ಓಡಿದರೂ ಅಷ್ಟಕ್ಕೆ ಹಣ ಕೊಡಬೇಕು. ಅದರ ಮೇಲೆ ಚಾಲಕರ ಬಾಟಾ, ಟೋಲ್, ಪಾರ್ಕಿಂಗ್. ನೀವು ಒಂದೇ ಊರಿನಲ್ಲಿ ಎರಡು ದಿನ ನಿಲ್ಲುವುದಾದರೆ ಕಾರು ಸುಮ್ಮನೆ ನಿಂತಿದ್ದಕ್ಕೂ ಹಣ ತೆತ್ತಂತಾಗುತ್ತದೆ. ಆದ್ದರಿಂದ ಉಡುಪಿಯಂತಹ ಊರಿಗೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ ಅಲ್ಲಿ ತಂಗಿ, ಘಟ್ಟದ ಮೇಲಿನ ಒಂದೆರಡು ದಿನಗಳಿಗಷ್ಟೇ ಕಾರು ಮಾಡಿಕೊಳ್ಳುವುದು ಜಾಣತನ. ಚಾಲಕರಿಗೆ ರಾತ್ರಿ ಮಲಗಲು ಸರಿಯಾದ ಜಾಗವಿದೆಯೇ ಎಂದು ಕೋಣೆ ಕಾದಿರಿಸುವಾಗಲೇ ಕೇಳಿ. ಕಾರಿನೊಳಗೆ ಮುದುಡಿ ಮಲಗಿದವರ ಕೈಯಲ್ಲಿ ಮರುದಿನ ಬೆಳಿಗ್ಗೆ ಘಾಟಿ ಇಳಿಯುವುದು ಅವರಿಗೂ ಕಷ್ಟ, ನಿಮಗೂ ಕ್ಷೇಮವಲ್ಲ.

ಪ್ರಶ್ನೆ: ಜುಲೈ ಎರಡನೇ ವಾರ ನಾಲ್ವರು ಗೆಳೆಯರು ಮಂಗಳೂರಿನಿಂದ ಬಾಡಿಗೆ ಕಾರಿನಲ್ಲಿ ಚಾರ್ಮಾಡಿ, ಆಗುಂಬೆ, ಜೋಗ ನೋಡಬೇಕೆಂದಿದ್ದೇವೆ. ಮಳೆಗಾಲದ ಸೊಬಗು ಆಗಲೇ ಅಲ್ಲವೇ?
— ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಸೊಬಗು ಆಗಲೇ ಎಂಬುದು ನಿಜ. ವರ್ಷಕ್ಕೆ 7,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಆಗುಂಬೆಯ ಜುಲೈಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಆದರೆ ನೀವು ಆರಿಸಿಕೊಂಡಿರುವ ವಾರದ ಬಗ್ಗೆ ನನಗೆ ಕಳವಳವಿದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಪಕ್ಕದ ಚಹಾ ಅಂಗಡಿ, ಅಲ್ಲಿ ವಿಶ್ರಾಂತಿಗೆ ನಿಂತವರು, ನಿಲ್ಲಿಸಿದ್ದ ವಾಹನಗಳು ಗಂಗಾವಳಿ ನದಿಯ ಪಾಲಾದವು. ಅದೇ ತಿಂಗಳು ಶಿರಾಡಿ ಘಾಟಿಯಲ್ಲೂ ಮಣ್ಣು ಕುಸಿದು ಸಂಚಾರ ನಿಂತಿತ್ತು. ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆಯೂ ಕುಸಿಯಿತು. ಶಿರೂರಿನಲ್ಲಿ ಸತ್ತವರು ಸಾಹಸಕ್ಕೆ ಹೋದವರಲ್ಲ, ಅವರಲ್ಲಿ ಹಲವರು ಹೆದ್ದಾರಿಯ ಬದಿಯ ಚಹಾ ಅಂಗಡಿಯಲ್ಲಿ ಇದ್ದವರು. ನಾನು ಆ ದಾರಿಯಲ್ಲಿ ಅದೆಷ್ಟೋ ಸಲ ಹಾಗೆಯೇ ನಿಂತು ಚಹಾ ಕುಡಿದವನು. ಕಡಿದ ಗುಡ್ಡದ ಬುಡದಲ್ಲಿ ಮಳೆಗಾಲದಲ್ಲಿ ಕಾರು ನಿಲ್ಲಿಸಬಾರದು ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ.

ಸಾಧ್ಯವಾದರೆ ಪ್ರವಾಸವನ್ನು ಸೆಪ್ಟೆಂಬರ್ ಕೊನೆಗೆ ಮುಂದೂಡಿ. ಆಗಲೂ ತೊರೆಗಳು ತುಂಬಿ ಹರಿಯುತ್ತಿರುತ್ತವೆ, ಕಾಡು ಹಸಿರಾಗಿಯೇ ಇರುತ್ತದೆ, 253 ಮೀಟರ್ ಎತ್ತರದಿಂದ ಬೀಳುವ ಜೋಗದ ನಾಲ್ಕು ಕವಲುಗಳೂ ಮಂಜಿನಲ್ಲಿ ಮರೆಯಾಗದೆ ಕಣ್ಣಿಗೆ ಸಿಗುವ ಸಂಭವ ಹೆಚ್ಚು. ಜುಲೈಯಲ್ಲಿ ಎಷ್ಟೋ ಜನ ಗಂಟೆಗಟ್ಟಲೆ ಕಾದು ಬರೀ ಬಿಳಿ ಮಂಜನ್ನು ನೋಡಿ ಹಿಂದಿರುಗುತ್ತಾರೆ.

ಜುಲೈಯಲ್ಲೇ ಬರುವುದಾದರೆ ಹವಾಮಾನ ಇಲಾಖೆಯ ಎಚ್ಚರಿಕೆಯನ್ನು ದಿನವೂ ನೋಡಿ. 24 ಗಂಟೆಗಳಲ್ಲಿ 204.4 ಮಿ.ಮೀ.ಗಿಂತ ಹೆಚ್ಚು ಮಳೆಯಾದರೆ ಅದನ್ನು ‘ಅತ್ಯಂತ ಭಾರೀ ಮಳೆ’ ಎನ್ನುತ್ತಾರೆ; ಅಂತಹ ಮಳೆಯ ಮುನ್ಸೂಚನೆ ಇರುವ ದಿನ ಕೆಂಪು ಬಣ್ಣದ ಎಚ್ಚರಿಕೆ ಹೊರಡುತ್ತದೆ. ಅಂದು ಇರುವಲ್ಲೇ ಇರಿ, ಒಂದು ದಿನದ ಬಾಡಿಗೆ ಹೋದರೆ ಹೋಗಲಿ. ಘಾಟಿ ಮುಚ್ಚಿದರೆ, ಜಲಪಾತಗಳಿಗೆ ಪ್ರವೇಶ ನಿಷೇಧಿಸಿದರೆ ಅದು ಜಿಲ್ಲಾಡಳಿತದ ಆದೇಶ, ಕಾವಲುಗಾರನೊಂದಿಗೆ ಚೌಕಾಸಿ ಮಾಡುವ ವಿಷಯವಲ್ಲ. ಹೀಗೆ ರಸ್ತೆ ಮುಚ್ಚಿ ಪ್ರವಾಸ ರದ್ದಾದರೆ ಮುಂಗಡ ಹಣ ಮರಳುತ್ತದೆಯೇ ಎಂದು ಕಾರು ಕಾದಿರಿಸುವಾಗಲೇ ಕೇಳಿಟ್ಟುಕೊಳ್ಳಿ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಕಾರನ್ನು ನುಗ್ಗಿಸಬೇಡಿ; ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಚಾಲೂ ಮಾಡಲು ಹೋಗಬೇಡಿ. ಎಂಜಿನ್ನಿಗೆ ನೀರು ಹೊಕ್ಕು ಆದ ಹಾನಿಗೆ ಪ್ರತ್ಯೇಕ ವಿಮೆ ಬೇಕು, ಸಾಮಾನ್ಯ ಪಾಲಿಸಿಯಲ್ಲಿ ಅದಿರುವುದಿಲ್ಲ, ಆದ್ದರಿಂದ ಆ ಹೊರೆ ನಾಲ್ವರ ತಲೆಯ ಮೇಲೆ ಬರುತ್ತದೆ. ಮಂಜು ಕವಿದಾಗ ಹೆಡ್‌ಲೈಟನ್ನು ತಗ್ಗಿಸಿ. ದೂರ ಬೆಳಕು ಹಾಕಿದರೆ ಕಣ್ಣ ಮುಂದೆ ಬಿಳಿ ಗೋಡೆ ನಿಂತಂತಾಗುತ್ತದೆ. ಮಳೆಗಾಲದ ಕಾಡಿನಲ್ಲಿ ಕಾಲಿಗೆ ಹತ್ತುವ ಇಂಬಳಕ್ಕೆ, ಎಂದರೆ ಜಿಗಣೆಗೆ, ಒಂದು ಪೊಟ್ಟಣ ಉಪ್ಪು ಸಾಕು.

ಪ್ರಶ್ನೆ: ಕಾರು ಹಿಂದಿರುಗಿಸಿದ ಮೇಲೆ ಗೀರು ಬಿದ್ದಿದೆ ಎಂದು ಠೇವಣಿ ಹಣ ಹಿಡಿದುಕೊಳ್ಳುತ್ತಾರೆಂದು ಕೇಳಿದ್ದೇನೆ. ತಪ್ಪಿಸುವುದು ಹೇಗೆ?
— ಓದುಗರು, ತುಮಕೂರು

ಉತ್ತರ: ಇದು ನನಗೇ ಆಗಿದೆ. ಕೆಲವು ವರ್ಷಗಳ ಹಿಂದೆ, ನಮ್ಮ ಕಾರು ಗ್ಯಾರೇಜಿನಲ್ಲಿದ್ದಾಗ, ಮನೆಯವರೊಂದಿಗೆ ಸಿರಸಿಗೆ ಹೋಗಲು ಕಾರು ಬಾಡಿಗೆಗೆ ಪಡೆದಿದ್ದೆ. ಹಿಂದಿರುಗಿಸಿದ್ದು ಮಳೆಯ ಸಂಜೆ. ಮೈಯೆಲ್ಲ ಕೆಸರು ಮೆತ್ತಿದ್ದ ಕಾರನ್ನು ಹುಡುಗನೊಬ್ಬ ಸುತ್ತಲೂ ನೋಡಿ ‘ಸರಿ ಸರ್’ ಎಂದು ಕೀಲಿ ತೆಗೆದುಕೊಂಡ. ಮೂರು ದಿನಗಳ ನಂತರ ಮುಂದಿನ ಬಂಪರಿನ ಕೆಳಭಾಗದ ಗೀರಿನ ಚಿತ್ರವೊಂದು ಬಂತು, ಠೇವಣಿಯಲ್ಲಿ ಅರ್ಧ ಹೋಯಿತು. ಆ ಗೀರು ಮೊದಲೇ ಇತ್ತೋ, ನನ್ನಿಂದ ಆಯಿತೋ ಎಂಬುದನ್ನು ನಾನೇ ಪ್ರಮಾಣ ಮಾಡಿ ಹೇಳುವಂತಿರಲಿಲ್ಲ, ಏಕೆಂದರೆ ತೆಗೆದುಕೊಳ್ಳುವಾಗ ಬಾಗಿಲುಗಳ ಚಿತ್ರ ತೆಗೆದಿದ್ದೆನೇ ಹೊರತು ಬಗ್ಗಿ ಬಂಪರಿನ ಅಡಿಭಾಗವನ್ನು ನೋಡಿರಲಿಲ್ಲ.

ಅಂದಿನಿಂದ ಕಾರು ಪಡೆಯುವಾಗ ಹಗಲಿನ ಬೆಳಕಿನಲ್ಲಿ ಹತ್ತು ನಿಮಿಷ ಸುತ್ತು ಹಾಕಿ ವಿಡಿಯೋ ತೆಗೆಯುತ್ತೇನೆ: ಬಂಪರಿನ ಕೆಳಭಾಗ, ನಾಲ್ಕು ಚಕ್ರಗಳ ಅಂಚು, ಗಾಜು, ಕನ್ನಡಿಗಳು, ಒಳಗಿನ ಆಸನಗಳು, ಕಿ.ಮೀ. ಮತ್ತು ಇಂಧನದ ಮುಳ್ಳು. ಕಂಡ ಗೀರನ್ನೆಲ್ಲ ಅವರ ಪತ್ರದಲ್ಲಿ ಬರೆಸಿ ಸಹಿ ಪಡೆಯುತ್ತೇನೆ. ಒಪ್ಪಿಸುವ ಮುಂಚೆ ಕಾರನ್ನು ತೊಳೆಸಿ, ಅದೇ ರೀತಿ ಮತ್ತೊಂದು ವಿಡಿಯೋ ಮಾಡಿ, ‘ಹೊಸ ಹಾನಿ ಇಲ್ಲ’ ಎಂಬ ಒಂದು ಸಾಲಿನ ಸಂದೇಶವನ್ನು ಅವರ ಫೋನಿನಿಂದ ಅಲ್ಲಿಯೇ ಕಳುಹಿಸಿಕೊಳ್ಳುತ್ತೇನೆ. ಕಡಲತೀರದ ಮರಳಿನ ಮೇಲೆ ಕಾರು ಇಳಿಸುವುದು ಈ ಭಾಗದ ಪ್ರವಾಸಿಗರು ಪದೇ ಪದೇ ಮಾಡುವ ತಪ್ಪು. ಚಕ್ರ ಹೂತರೆ ಎಳೆದು ತೆಗೆಯುವಾಗಲೇ ಬಂಪರು ಕೀಳುತ್ತದೆ, ಉಪ್ಪುನೀರು ತಳವನ್ನು ತಿನ್ನುತ್ತದೆ.

ಟೋಲ್ ಮತ್ತು ದಂಡದ ಬಾಕಿ ಆಮೇಲೆ ಬರಬಹುದು. ಮಂಗಳೂರಿನಿಂದ ಉತ್ತರಕ್ಕೆ ಹೆಜಮಾಡಿ, ಸಾಸ್ತಾನ, ಬೈಂದೂರಿನ ಬಳಿಯ ಶಿರೂರು ಹೀಗೆ ಟೋಲ್‌ಗಳಿವೆ. ಸುರತ್ಕಲ್‌ನ ಟೋಲ್ 2022ರ ಡಿಸೆಂಬರಿನಲ್ಲಿ ನಿಂತಿದೆ. ಫಾಸ್ಟ್ಯಾಗ್ ಸಂಸ್ಥೆಯದ್ದಾದರೆ ಕಡಿತದ ವಿವರವನ್ನು ಕೇಳಿ ಪಡೆಯಿರಿ. ಕ್ಯಾಮೆರಾದಲ್ಲಿ ಸಿಕ್ಕ ಅತಿವೇಗದ ದಂಡ ನಿಮ್ಮದೇ ಆಗಿದ್ದರೆ ಕೊಡಲೇಬೇಕು, ಆದರೆ ದಿನಾಂಕ ಮತ್ತು ಸಮಯವಿರುವ ಚಲನ್ ತೋರಿಸಿದ ಮೇಲೆ. ನ್ಯಾಯವಾದ ಠೇವಣಿ ಬಾರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ನಿಮ್ಮ ಕೈಯಲ್ಲಿ ಎರಡು ವಿಡಿಯೋ ಇದ್ದರೆ ಬಹುತೇಕ ಅಷ್ಟು ದೂರ ಹೋಗುವ ಪ್ರಮೇಯವೇ ಬರುವುದಿಲ್ಲ.

ಪ್ರಶ್ನೆ: ಅದೇ ಬಾಡಿಗೆ ಕಾರಿನಲ್ಲಿ ಒಂದು ದಿನ ಬೇಕಲ ಕೋಟೆಗೂ ಹೋಗಿ ಬರಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಖಂಡಿತ ಹೋಗಬಹುದು. ಇಕ್ಕೇರಿ, ಕೆಳದಿ ನಿಮ್ಮ ಜಿಲ್ಲೆಯಲ್ಲೇ ಇರುವುದರಿಂದ ಕೆಳದಿ ಅರಸರು ಕಡಲಂಚಿನಲ್ಲಿ ಕಟ್ಟಿಸಿದ ಈ ಕೋಟೆಯನ್ನು ನೀವು ನೋಡಲೇಬೇಕು. ತಲಪಾಡಿಯಲ್ಲಿ ಗಡಿ ದಾಟಿ, ಕಾಸರಗೋಡಿನ ಮೇಲೆ ಸಾಗಿದರೆ ಮಂಗಳೂರಿನಿಂದ ಸುಮಾರು 65 ಕಿ.ಮೀ. ಕಾರಿಗೆ ಹೊರರಾಜ್ಯದಲ್ಲಿ ಓಡಾಡುವ ಪರ್ಮಿಟ್ ಇದೆಯೇ, ಸಂಸ್ಥೆಯ ಕರಾರು ಗಡಿ ದಾಟಲು ಒಪ್ಪುತ್ತದೆಯೇ ಎಂಬ ಎರಡನ್ನೂ ಮುಂಚೆಯೇ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬೆಳಿಗ್ಗೆ ಏಳಕ್ಕೆ ಹೊರಟರೆ ಬಿಸಿಲೇರುವ ಮುಂಚೆ ಕೋಟೆಯ ವೀಕ್ಷಣಾ ಗೋಪುರವನ್ನು ಹತ್ತಬಹುದು, ಮಧ್ಯಾಹ್ನದ ಊಟವನ್ನು ಕಾಸರಗೋಡಿನ ಕನ್ನಡ ಮಾತಾಡುವ ಹೋಟೆಲಿನಲ್ಲಿ ಮಾಡಿ, ಸಂಜೆಯ ವಾಹನದಟ್ಟಣೆಗೆ ಮೊದಲೇ ನೇತ್ರಾವತಿ ಸೇತುವೆ ದಾಟಿ ಮಂಗಳೂರು ಸೇರಬಹುದು.